ಗೂಳಿಯ ಬಲಗಿವಿ

ಎದೆ ಕೈಕೊಟ್ಟ ಹೊತ್ತಿನಲ್ಲಿ ಗೂಳಿ ತನ್ನ ತಮ್ಮನ ಕುತ್ತಿಗೆ ಹಿಸುಕುತ್ತಿದ್ದ.

ಗೂಳಿ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಗುಜರಿ ಬೀದಿ ಇಟ್ಟದ್ದು. ಓಡಿ ಓಡಿ ಸವೆದ ಬಸ್ಸು, ಲಾರಿ, ಕಾರುಗಳನ್ನು ಎಳೆತಂದು, ಒಡೆದು, ಕತ್ತರಿಸಿ, ಕಬ್ಬಿಣ ಒಂದು ಕಡೆ, ತಾಮ್ರ ಒಂದು ಕಡೆ, ರಬ್ಬರು ಇನ್ನೊಂದು ಕಡೆ ಗುಡ್ಡೆ ಹಾಕುವ ದೊಡ್ಡ ಅಂಗಳ ಅವನದು. ಭುಜಕ್ಕೇ ಅಂಟಿಕೊಂಡಂಥ ತಲೆ, ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕು ಬಾರದಷ್ಟು ಮೈ. ಸಿಟ್ಟು ನೆತ್ತಿಗೇರಿದರೆ ಎದುರಿಗಿರುವುದು ಮನುಷ್ಯನೋ ಗೋಡೆಯೋ ಎಂದು ನೋಡುವವನಲ್ಲ. ಕೆಲಸದವರು ಅವನ ಮುಖ ನೋಡಿ ಮಾತಾಡುತ್ತಿರಲಿಲ್ಲ, ಕೈ ನೋಡಿ ಮಾತಾಡುತ್ತಿದ್ದರು. ಬೆರಳು ಬಿಡಿಯಾಗಿದ್ದರೆ ರಜೆ ಕೇಳಬಹುದು. ಮಡಚಿಕೊಂಡಿದ್ದರೆ ಬಾಯಿಗೆ ಬಂದದ್ದನ್ನು ನುಂಗಿಕೊಂಡು ವಾಪಸ್ಸು ಹೋಗಬೇಕು.

ತಮ್ಮ ಅವನಿಗಿಂತ ತೀರ ಚಿಕ್ಕವನು. ಹೆತ್ತವರು ಬೇಗ ಹೋದದ್ದರಿಂದ ಅವನನ್ನು ಸಾಕಿದ್ದು ಗೂಳಿಯೇ. ಸಾಕುವುದು ಎಂದರೆ ಹೊಟ್ಟೆಗೆ ಹಾಕುವುದು, ಬೆನ್ನಿಗೆ ಬಾರಿಸುವುದು, ಇಷ್ಟೇ ಅವನಿಗೆ ಗೊತ್ತಿದ್ದದ್ದು. ತಮ್ಮ ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಂದು ದಿನ ಬಿದ್ದ ಕಪಾಳದೇಟಿಗೆ ಎಡಗಿವಿಯಿಂದ ರಕ್ತ ಸೋರಿತು. ಆ ಕಿವಿ ಮತ್ತೆ ಕೇಳಲಿಲ್ಲ. ಬೀದಿಯವರು ಅವನನ್ನು ಕೆಪ್ಪ ಎಂದು ಕರೆಯಲು ಶುರು ಮಾಡಿದರು. ಅದಕ್ಕೂ ಅವನು ಎದುರಾಡಲಿಲ್ಲ. ದೊಡ್ಡವನಾಗಿ, ಮದುವೆಯಾಗಿ, ಅಣ್ಣನಷ್ಟೇ ಎತ್ತರ ಬೆಳೆದ ಮೇಲೂ ಅಣ್ಣ ಕೈಯೆತ್ತಿದರೆ ಎರಡೂ ತೋಳುಗಳನ್ನು ತಲೆಗೆ ಸುತ್ತಿಕೊಂಡು ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ.

ಆ ಬೆಳಿಗ್ಗೆ ಅಂಗಳಕ್ಕೆ ಒಂದು ಉದ್ದನೆಯ ಬಸ್ಸು ಬಂದಿತ್ತು. ಮಧ್ಯಾಹ್ನದೊಳಗೆ ಅದನ್ನು ಎರಡು ತುಂಡು ಮಾಡಬೇಕೆಂದು ಗೂಳಿ ಅಪ್ಪಣೆ ಕೊಟ್ಟಿದ್ದ. ಗ್ಯಾಸ್ ಕಟರಿನವನು ಬೆಂಕಿ ಹಚ್ಚಿ ಇನ್ನೇನು ಬಗ್ಗಬೇಕು, ತಮ್ಮನ ಹೆಂಡತಿ ಬಂದು ಅವನ ಮೊಣಕೈ ಹಿಡಿದು ನಿಲ್ಲಿಸಿದಳು. ಅವಳೂ ಅಂಗಳದಲ್ಲೇ ದುಡಿಯುತ್ತಿದ್ದವಳು.

"ಟ್ಯಾಂಕಲ್ಲಿ ಡೀಸೆಲ್ ಇದೆ ಭಾವ. ಖಾಲಿ ಮಾಡ್ಲಿ, ಆಮೇಲೆ ಕುಯ್ಲಿ."

"ಇದು ಯಾರ ಅಂಗಳ?" ಅಂದ ಗೂಳಿ.

"ಯಾರದಾದ್ರೂ ಆಗ್ಲಿ. ಸುಟ್ಟು ಹೋಗೋರು ನಾವು."

ಕೆಲಸದವರೆಲ್ಲ ಅವನ ಕೈ ನೋಡಿದರು. ಅವಳು ನೋಡಲಿಲ್ಲ. ಏಟು ಬಿದ್ದ ರಭಸಕ್ಕೆ ಅವಳು ಪಕ್ಕದ ಗಾಜಿನ ಗುಡ್ಡೆಯ ಮೇಲೆ ಬಿದ್ದಳು. ಊರಿದ ಅಂಗೈ ಸೀಳಿ ರಕ್ತ ಮೊಣಕೈವರೆಗೂ ಇಳಿಯಿತು. ಆದರೂ ಅವಳು ಕೂಗಲಿಲ್ಲ, ಅಂಗೈಯಲ್ಲಿ ನಾಟಿದ್ದ ಗಾಜಿನ ಚೂರನ್ನು ಹಲ್ಲಿನಿಂದ ಎಳೆದು ಉಗುಳಿದಳು.

ತಮ್ಮ ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟ. ನಡೆದುಕೊಂಡು ಬಂದ. ಅವನು ಬರುವ ರೀತಿ ನೋಡಿ ಗೂಳಿಗೆ ನಗು ಬಂತು. ಆ ನಗು ಮುಗಿಯುವುದರೊಳಗೆ ತಮ್ಮ ಹಾರಿ ಅವನ ಕುತ್ತಿಗೆಗೆ ತೋಳು ಸುತ್ತಿ, ಎಡಗಿವಿಗೆ ಬಾಯಿ ಹಾಕಿ ಕಚ್ಚಿದ್ದ. ಕಚ್ಚಿ ಬಿಡಲಿಲ್ಲ, ನಾಯಿ ಚಿಂದಿಯನ್ನು ಜಾಡಿಸುವಂತೆ ತಲೆ ಜಾಡಿಸಿದ. ಗೂಳಿ ಅರಚಿದ. ತಮ್ಮನ ಪಕ್ಕೆಗೆ ಮೊಣಕೈಯಿಂದ ಗುದ್ದಿದ, ಬೆನ್ನನ್ನು ಬಸ್ಸಿನ ತಗಡಿಗೆ ಬಡಿದ. ತಗಡು ತಗ್ಗು ಬಿತ್ತು, ಹಲ್ಲು ಸಡಿಲಾಗಲಿಲ್ಲ. ಕೊನೆಗೆ ಕಿವಿಯ ಮೇಲಂಚಿನ ಒಂದು ತುಂಡು ತಮ್ಮನ ಬಾಯಲ್ಲೇ ಉಳಿಯಿತು. ಗೂಳಿ ಅವನನ್ನು ಕುತ್ತಿಗೆ ಹಿಡಿದೆತ್ತಿ ಬಸ್ಸಿನ ಬಾಗಿಲಿಗೆ ಒತ್ತಿದ. ಕಾಲು ನೆಲ ಬಿಟ್ಟವು. ತಮ್ಮನ ಕಣ್ಣು ಹೊರಕ್ಕೆ ಬಂದವು, ತುಟಿ ನೀಲಿಯಾಯಿತು. ಇನ್ನೊಂದು ಸ್ವಲ್ಪ ಹೊತ್ತು ಹಿಡಿದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆಗ ಗೂಳಿಯ ಎದೆಯ ನಡುವಿನಿಂದ ಎಡದವಡೆಯವರೆಗೆ ಯಾರೋ ಕಾಯಿಸಿದ ಸಲಾಕೆ ತೂರಿಸಿದಂತಾಯಿತು. ಕೈ ತಾನಾಗಿ ಸಡಿಲವಾಯಿತು. ಅವನು ಮಂಡಿಯೂರಿ ಬಿದ್ದ.

"ಚೂರಿ ಹಾಕ್ಬಿಟ್ಟ! ನನ್ ತಮ್ಮ ನಂಗೆ ಚೂರಿ ಹಾಕ್ಬಿಟ್ಟ ಕಣ್ರೋ!"

ಕೆಲಸದವರು ಓಡಿಬಂದು ಅಂಗಿ ಹರಿದು ನೋಡಿದರು. ಎದೆಯ ಮೇಲೆ ಒಂದು ಗೀರೂ ಇರಲಿಲ್ಲ. ಅವನು ಮಾತ್ರ ಬೆವರಿನಲ್ಲಿ ತೊಯ್ದು, ಬೂದಿಯ ಬಣ್ಣಕ್ಕೆ ತಿರುಗಿ, "ಚೂರಿ ಕೀಳ್ರೋ, ಕೀಳ್ರೋ" ಎಂದು ಗೋಗರೆಯುತ್ತಿದ್ದ. ಲಾರಿಯ ಹಿಂದಕ್ಕೆ ಅವನನ್ನು ಎತ್ತಿ ಹಾಕಿದರು. ಸ್ಟೀರಿಂಗ್ ಹಿಡಿದವನು ತಮ್ಮ. ಬಾಯಿ ತುಂಬ ಅಣ್ಣನ ರಕ್ತ, ಕುತ್ತಿಗೆಯ ಮೇಲೆ ಅಣ್ಣನ ಬೆರಳಿನ ಗುರುತು. ಹಾರ್ನಿನ ಮೇಲಿಟ್ಟ ಕೈ ಆಸ್ಪತ್ರೆಯ ಗೇಟು ಬರುವವರೆಗೂ ತೆಗೆಯಲಿಲ್ಲ. ಅಣ್ಣನನ್ನು ಸ್ಟ್ರೆಚರಿಗೆ ದಾಟಿಸಿದವನೇ ಲಾರಿ ತಿರುಗಿಸಿಕೊಂಡು ಹೋದ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮಣಿಕಟ್ಟಿನ ರಕ್ತನಾಳದೊಳಗಿಂದ ಸಣ್ಣ ತಂತಿ ಕಳಿಸಿ, ಹೃದಯದ ಮುಚ್ಚಿದ್ದ ನಾಳ ತೆರೆದು, ಸ್ಟೆಂಟ್ ಇಟ್ಟು ಗೂಳಿಯನ್ನು ಉಳಿಸಿದರು. ಹರಿದ ಕಿವಿಗೆ ಹೊಲಿಗೆ ಹಾಕಿದರು. ಎಚ್ಚರವಾದಾಗ ಹೆಂಡತಿ ಪಕ್ಕದಲ್ಲಿ ಕೂತಿದ್ದಳು.

"ಅವನೆಲ್ಲಿ?" ಅಂದ.

"ಮೊದ್ಲು ಉಸಿರಾಡಿ. ಆಮೇಲೆ ಹೊಡೆದಾಡೋರಂತೆ," ಅಂದಳು ಅವಳು. ಇಷ್ಟು ವರ್ಷ ಅವನ ಜೊತೆ ಬಾಳಿ, ಯಾವ ಹೊತ್ತಿನಲ್ಲಿ ಹೇಳಿದರೆ ಏಟು ಬೀಳುವುದಿಲ್ಲ ಎನ್ನುವುದನ್ನು ಅವಳು ಚೆನ್ನಾಗಿ ಕಲಿತಿದ್ದಳು.

ಹೃದಯದ ಡಾಕ್ಟರಮ್ಮ ನಡುವಯಸ್ಸಿನವಳು. ಕುರ್ಚಿ ಎಳೆದುಕೊಂಡು ಕೂತು ಮಾತಾಡಿದಳು. ಹೃದಯದ ಒಂದು ಭಾಗ ಸತ್ತಿದೆ, ಉಳಿದದ್ದು ಹೆದರಿದ ಕುದುರೆಯಂತೆ ಓಡುತ್ತಿದೆ ಅಂದಳು.

"ತಲೆಯಿಂದ ಎದೆಗೆ ಇಳಿಯೋ ನರ ಒಂದಿದೆ. ಹೃದಯಕ್ಕೆ ಅದೇ ಲಗಾಮು. ನಿಮ್ಮ ವಿಷಯದಲ್ಲಿ ಆ ಲಗಾಮು ತುಂಬಾ ಸಡಿಲ ಆಗಿದೆ. ಅದರ ಒಂದು ಸಣ್ಣ ಕವಲು ಕಿವಿಗೆ ಬರುತ್ತೆ. ಕಿವಿಗೆ ಒಂದು ಕ್ಲಿಪ್ಪು ಹಾಕಿ, ಚೂರೇ ಚೂರು ಕರೆಂಟು ಕೊಟ್ರೆ ಲಗಾಮು ಸ್ವಲ್ಪ ಬಿಗಿಯಾಗಬಹುದು. ಕುಯ್ಯೋದಿಲ್ಲ, ಚುಚ್ಚೋದಿಲ್ಲ."

"ಆಗಬಹುದು ಅಂದ್ರೆ? ಆಗುತ್ತೋ ಇಲ್ವೋ?"

"ಸುಳ್ಳು ಹೇಳಲ್ಲ. ಇದನ್ನ ಇನ್ನೂ ಪರೀಕ್ಷೆ ಮಾಡಿ ನೋಡ್ತಿದೀವಿ. ಕೆಲವರಿಗೆ ಒಳ್ಳೇದಾಗಿದೆ. ಮಾತ್ರೆಗಳನ್ನಂತೂ ನೀವು ಬಿಡೋ ಹಾಗಿಲ್ಲ. ಒಪ್ಪಿಗೆ ಇದ್ರೆ ಮಾತ್ರ."

"ಯಾವ ಕಿವಿ?"

"ಎಡಗಿವಿ ಹೊಲಿಗೆಯಲ್ಲಿದೆ. ಬಲಗಿವಿಗೆ ಹಾಕೋಣ."

ಗೂಳಿಗೆ ಅವಳು ಹೇಳಿದ್ದರಲ್ಲಿ ಕಿವಿ ಎಂಬ ಒಂದೇ ಮಾತು ತಲೆಗೆ ಹೋಯಿತು. ಇಡೀ ಗುಜರಿ ಬೀದಿ ಆಗಲೇ ಅವನ ಕಿವಿಯ ಬಗ್ಗೆ ನಗುತ್ತಿದೆ ಎಂದು ಅವನಿಗೆ ಗೊತ್ತಿತ್ತು. ಎಲ್ಲರೂ ಯಜಮಾನನ ಕಿವಿ ಕಚ್ಚುವುದು ಚಾಡಿ ಹೇಳಿ, ಕೆಪ್ಪ ಮಾತ್ರ ಹಲ್ಲಲ್ಲೇ ಕಚ್ಚಿದ ಎಂದು ಯಾರೋ ಹೇಳಿದ್ದು, ನೋಡಲು ಬಂದವರ ಬಾಯಿಂದ ಅವನವರೆಗೂ ಬಂದಿತ್ತು. ಡಾಕ್ಟರಮ್ಮ ಹೋದ ಮೇಲೆ ಹೆಂಡತಿ ಅತ್ತೂ ಕರೆದೂ ಅವನಿಂದ ಹೂಂ ಅನ್ನಿಸಿಕೊಂಡಳು.

ಟೆಕ್ನಿಷಿಯನ್ ಬಂದ. ಬಡಕಲು ಮೈ, ದಪ್ಪ ಕನ್ನಡಕ. ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಅದರಿಂದ ಹೊರಟ ತೆಳ್ಳನೆ ತಂತಿ, ತುದಿಯಲ್ಲಿ ಕ್ಲಿಪ್ಪು. ಕಿವಿಯ ತೂತಿನ ಮುಂದಿರುವ ಪುಟ್ಟ ಎಸಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಕ್ಲಿಪ್ಪು ಸಿಕ್ಕಿಸಿದ. ಕಿವಿಯನ್ನು ಯಾರೋ ಹಲ್ಲಿನಲ್ಲಿ ಹಿಡಿದಂತಾಯಿತು ಗೂಳಿಗೆ. ಅಷ್ಟೇ ಸಾಕಾಯಿತು. ಕೊಳವೆ ಚುಚ್ಚಿದ್ದ ಕೈಯಿಂದಲೇ ಅವನ ಕೊರಳಪಟ್ಟಿ ಹಿಡಿದೆಳೆದು, ಹಣೆಯನ್ನು ಮಂಚದ ಕಬ್ಬಿಣದ ಕಂಬಿಗೆ ಒಮ್ಮೆ ಬಡಿದ, ಇನ್ನೊಮ್ಮೆ ಬಡಿದ. ಕನ್ನಡಕ ಪುಡಿಯಾಯಿತು. ನರ್ಸ್ ಚೀರಿದಳು. ಮೂರನೆಯದಕ್ಕೆ ಎಳೆದಾಗ ತಲೆಯ ಹತ್ತಿರದ ಯಂತ್ರ ಕಿರುಚಲು ಶುರುಮಾಡಿತು. ಗೂಳಿಯ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತು.

ಮುಂದಿನದು ಅವನಿಗೆ ಗೊತ್ತಾಗಲಿಲ್ಲ. ಪರದೆಯ ಸಂದಿಯಿಂದ ನೋಡುತ್ತಿದ್ದ ಹೆಂಡತಿಗೆ ಗೊತ್ತಾಯಿತು. ಒಬ್ಬ ಮಂಚದ ಮೇಲೆ ಹತ್ತಿ ಎದೆಯನ್ನು ದಬದಬ ಒತ್ತಿದ. ಪಕ್ಕೆಲುಬು ಲಟ್ಟೆಂದದ್ದು ಅವಳಿಗೆ ಕೇಳಿಸಿತು. ಕರೆಂಟಿನ ಎರಡು ಬಿಲ್ಲೆಗಳನ್ನು ಎದೆಗಿಟ್ಟು "ದೂರ ಸರೀರಿ" ಎಂದರು. ಆ ದೊಡ್ಡ ಮೈ ಹಗ್ಗ ಜಗ್ಗಿದಂತೆ ಮೇಲೆದ್ದು ಧೊಪ್ಪನೆ ಬಿತ್ತು. ಮತ್ತೊಮ್ಮೆ ಎದ್ದಿತು, ಬಿದ್ದಿತು. ಆಮೇಲೆ ಯಂತ್ರ ಸುಮ್ಮನಾಯಿತು.

ಕೆಲವು ದಿನ ಕಳೆದು, ಡಾಕ್ಟರಮ್ಮ ಮತ್ತೆ ಪರೀಕ್ಷೆ ಮಾಡಿ ಒಪ್ಪಿದ ಮೇಲೆ ಅದೇ ಟೆಕ್ನಿಷಿಯನ್ ಬಂದ. ಹಣೆಗೆ ಪಟ್ಟಿ, ಮೂಗಿನ ಮೇಲೆ ಹೊಸ ಕನ್ನಡಕ. ಈ ಸಲ ಒಂದು ತೋಳಿನಷ್ಟು ದೂರದಲ್ಲೇ ನಿಂತು ಮಾತಾಡಿದ.

"ಅವತ್ತು ನಿಮಗೂ ಕರೆಂಟು ಹೊಡೀತು, ನನಗೂ ಹೊಲಿಗೆ ಬಿತ್ತು. ಇವತ್ತು ಸುಮ್ನಿದ್ರೆ ಇಬ್ರಿಗೂ ಒಳ್ಳೇದು. ನಿಮ್ ಎದೆಗೆ ಬಿದ್ದಿದ್ದು ಒದೆ ಅನ್ಕೊಳ್ಳಿ. ಇದು ಇರುವೆ ನಡೆದ ಹಾಗೆ."

ಮುರಿದ ಪಕ್ಕೆಲುಬಿನಿಂದಾಗಿ ಗೂಳಿಗೆ ಉಸಿರು ಎಳೆಯುವುದೇ ಕಷ್ಟವಾಗಿತ್ತು. ಎದೆಯ ಮೇಲೆ ಬಿಲ್ಲೆಗಳ ಸುಟ್ಟ ಗುರುತು ಕೆಂಪಗಿತ್ತು. ಅವನು ಹುಟ್ಟಿದಾಗಿನಿಂದ ಮೊದಲ ಬಾರಿಗೆ ಹೆದರಿದ್ದ. ಹಾಸಿಗೆಯ ಬಟ್ಟೆ ಮುಷ್ಟಿಯಲ್ಲಿ ಹಿಡಿದು ಕಿವಿ ಕೊಟ್ಟ. ಕಿವಿಯೊಳಗೆ ಜುಮುಜುಮು ಎಂದಿತು, ಅಷ್ಟೇ. ಮುಗಿದ ಮೇಲೆ "ಇಷ್ಟೇನಾ?" ಅಂದ. "ಇಷ್ಟಕ್ಕೇ ನನ್ ಹಣೆ ಒಡೆದ್ರಿ ಸ್ವಾಮಿ," ಅಂದ ಟೆಕ್ನಿಷಿಯನ್.

ಮನೆಗೆ ಕಳಿಸುವಾಗ ಪೆಟ್ಟಿಗೆಯನ್ನೂ ಕೊಟ್ಟು ಕಳಿಸಿದರು. ದಿನಕ್ಕೆ ಒಂದು ಗಂಟೆ, ಕೂತ ಕಡೆ. ಭಾರ ಎತ್ತುವಂತಿಲ್ಲ, ಓಡುವಂತಿಲ್ಲ, ಸಿಟ್ಟಾಗುವಂತಿಲ್ಲ. ಕೊನೆಯದನ್ನು ಕೇಳಿ ಹೆಂಡತಿ ಡಾಕ್ಟರಮ್ಮನ ಮುಖವನ್ನೇ ನೋಡಿದಳು. "ಅದಕ್ಕೂ ಒಂದು ಮಾತ್ರೆ ಇದ್ರೆ ಕೊಡಿ ಅಮ್ಮಾ" ಅಂದಳು.

ಮನೆ ಅಂಗಳಕ್ಕೆ ಅಂಟಿಕೊಂಡೇ ಇತ್ತು. ಮಹಡಿಯ ಕೋಣೆಯ ಕಿಟಕಿಯಿಂದ ಇಡೀ ಅಂಗಳ ಕಾಣುತ್ತಿತ್ತು. ಬೆಳಗಿನ ತಿಂಡಿಯಾದ ಮೇಲೆ ಹೆಂಡತಿ ಅವನ ಬಲಗಿವಿಗೆ ಕ್ಲಿಪ್ಪು ಸಿಕ್ಕಿಸಿ, ಗುಂಡಿ ಒತ್ತಿ ಕೆಳಗಿಳಿಯುತ್ತಿದ್ದಳು. ಅವನು ಅಲ್ಲೇ ಕೂತು ನೋಡುತ್ತಿದ್ದ. ತಾನಿಲ್ಲದೆ ಅಂಗಳ ನಿಂತುಹೋಗುತ್ತದೆ ಎಂದುಕೊಂಡಿದ್ದ. ನಿಂತಿರಲಿಲ್ಲ. ತಮ್ಮ ಬಸ್ಸು ಬಿಚ್ಚುತ್ತಿದ್ದ, ಅವನ ಹೆಂಡತಿ ಅಂಗೈಗೆ ಬಟ್ಟೆ ಸುತ್ತಿಕೊಂಡು ತಾಮ್ರ ಬೇರೆ ಮಾಡುತ್ತಿದ್ದಳು, ಕೆಲಸದವರು ಅತ್ತಿತ್ತ ನೋಡದೆ ಕೆಲಸ ಮಾಡುತ್ತಿದ್ದರು. ಯಾರೂ ಯಾರ ಕೈಯನ್ನೂ ನೋಡುತ್ತಿರಲಿಲ್ಲ. ಅದು ಗೂಳಿಗೆ ಎದೆನೋವಿಗಿಂತ ಹೆಚ್ಚು ನೋವು ಕೊಟ್ಟಿತು.

ತಮ್ಮನಿಗೆ ಹೇಳಿಕಳಿಸಿದ: ಬಂದು ಕಾಣು. ತಮ್ಮ ಬರಲಿಲ್ಲ. ಇನ್ನೊಮ್ಮೆ ಹೇಳಿಕಳಿಸಿದ. ಅದಕ್ಕೂ ಬರಲಿಲ್ಲ.

ಬರುತ್ತಿದ್ದವನು ಭಾವಮೈದುನ, ಹೆಂಡತಿಯ ತಮ್ಮ. ಅಂಗಳದ ಕ್ರೇನ್ ಓಡಿಸುವವನು. ಗೂಳಿಯ ಹೊಡೆದಾಟಗಳಲ್ಲೆಲ್ಲ ಹಿಂದೆ ನಿಂತು ಕೊನೆಯ ಒದೆ ಕೊಡುತ್ತಿದ್ದ ಆಸಾಮಿ. ಇವನು ಕಿವಿ ಕಚ್ಚುವುದಕ್ಕೆ ಹಲ್ಲು ಬೇಕಾಗಿರಲಿಲ್ಲ. ದಿನಾ ಆ ಗಂಟೆಯ ಹೊತ್ತಿಗೇ ಮಹಡಿ ಹತ್ತಿ ಬಂದು, ಕ್ಲಿಪ್ಪಿಲ್ಲದ ಕಡೆ ಕೂರುತ್ತಿದ್ದ.

"ಕೆಪ್ಪ ಈಗ ನಿಮ್ಮ ಕುರ್ಚಿ ಮೇಲೇ ಕೂರ್ತಾನೆ ಭಾವ."

ಮರುದಿನ: "ಯಾರನ್ನೋ ಕರ್ಕೊಂಡು ಬಂದು ಅಂಗಳ ತೋರಿಸ್ತಿದ್ದ. ನೀವು ಹೋದ್ಮೇಲೆ ಅಂತ ಏನೋ ಮಾತು ಬಂತು."

ಇನ್ನೊಂದು ದಿನ: "ಅಣ್ಣನ ಕಿವಿ ಹೇಗಿತ್ತೋ ಅಂತ ಕೆಲಸದವರು ಕೇಳಿದ್ರೆ, ಉಪ್ಪು ಕಮ್ಮಿ ಇತ್ತು ಅಂದ್ನಂತೆ. ಎಲ್ರೂ ಬಿದ್ದು ಬಿದ್ದು ನಕ್ರು."

ಈ ಮಾತನ್ನು ತಮ್ಮ ಆಡಿಯೇ ಇರಲಿಲ್ಲ. ತಮ್ಮ ಅಂಥ ಮಾತಾಡುವವನಲ್ಲ ಎಂದು ಗೂಳಿಗೂ ಗೊತ್ತಿರಬೇಕಿತ್ತು. ಆದರೆ ಇಪ್ಪತ್ತು ವರ್ಷ ಜೊತೆಗಿದ್ದರೂ ಅವನು ತಮ್ಮನ ಮಾತನ್ನು ಕೇಳಿದ್ದು ಅಷ್ಟರಲ್ಲೇ ಇತ್ತು. ಅವನ ಬಲಗೈ ಮಡಚಿಕೊಂಡಿತು.

"ಕಚ್ಚಿದ ಹಲ್ಲು ಅವನ ಬಾಯಲ್ಲಿ ಇರಬಾರ್ದು," ಅಂದ. "ನಾಳೆ. ಅಂಗಳದ ನಡುವೆ. ನಾನು ಇಲ್ಲಿಂದ ನೋಡ್ಬೇಕು."

ಭಾವಮೈದುನ ಮೀಸೆಯಡಿಯಲ್ಲೇ ನಗುತ್ತ ಮೆಟ್ಟಿಲಿಳಿದ.

ಮರುದಿನ ಹೆಂಡತಿ ಎಂದಿನಂತೆ ಕ್ಲಿಪ್ಪು ಹಾಕಿ ಹೋದಳು. ಗೂಳಿ ಕುರ್ಚಿಯನ್ನು ಕಿಟಕಿಗೆ ಹತ್ತಿರ ಎಳೆದುಕೊಂಡ. ಕೆಳಗೆ ತಮ್ಮ ಒಂದು ಕಾರಿನ ಇಂಜಿನ್ನಿಗೆ ಬಗ್ಗಿ ನಿಂತಿದ್ದ. ಭಾವಮೈದುನ ಮತ್ತು ಅವನು ಹೊರಗಿನಿಂದ ಕರೆತಂದ ಇಬ್ಬರು ದಾಂಡಿಗರು ಎಡಗಡೆಯಿಂದಲೇ ಬಂದರು. ಆ ಕಡೆಯಿಂದ ಬಂದರೆ ಅವನಿಗೆ ಕೇಳಿಸುವುದಿಲ್ಲ ಎಂದು ಅಂಗಳಕ್ಕೆಲ್ಲ ಗೊತ್ತಿತ್ತು. ಮೊದಲ ಏಟು ಬೆನ್ನಿಗೆ, ಕಬ್ಬಿಣದ ಪೈಪಿನಿಂದ. ತಮ್ಮ ಇಂಜಿನ್ನಿನ ಮೇಲೇ ಬಿದ್ದ. ಕೂದಲು ಹಿಡಿದು ಎಳೆದು ತಿರುಗಿಸಿದರು. ಮುಖಕ್ಕೆ ಒಂದು, ಎರಡು. ಕೆಲಸದವರು ಒಂದೊಂದು ಹೆಜ್ಜೆ ಹಿಂದೆ ಸರಿದು ಮಹಡಿಯ ಕಿಟಕಿ ನೋಡಿದರು, ಆಮೇಲೆ ನೆಲ ನೋಡಿದರು.

ತಮ್ಮ ಕುಕ್ಕರಗಾಲಲ್ಲಿ ಕೂತ. ಎರಡೂ ತೋಳು ತಲೆಗೆ ಸುತ್ತಿಕೊಂಡ. ತೋಳನ್ನು ಬಿಡಿಸಲೆಂದು ಒಬ್ಬ ಮೊಣಕೈಗೆ ಪೈಪು ಬೀಸಿದ. ಎಲುಬು ಮುರಿದದ್ದು ಮಹಡಿಯವರೆಗೂ ಕೇಳಿಸಿತು.

ಗೂಳಿ ಇಲ್ಲಿಯವರೆಗೆ ತಾನು ಹೊಡೆಯದ ಹೊಡೆತವನ್ನು ಕೂತು ನೋಡಿದವನಲ್ಲ. ಹೊಡೆಯುವಾಗ ತಲೆ ತುಂಬ ರಕ್ತ ಭೋರ್ಗರೆಯುತ್ತಿತ್ತು, ಕಣ್ಣಿಗೆ ಕೆಂಪು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ, ಮುಗಿದ ಮೇಲೆ ಮೈ ಹಗುರಾಗುತ್ತಿತ್ತು. ಇವತ್ತು ಆ ಭೋರ್ಗರೆತ ಬರಲಿ ಎಂದು ಕಾದ. ಬರಲಿಲ್ಲ. ಕಿವಿಯಲ್ಲಿ ಜುಮುಜುಮು, ಎದೆಯಲ್ಲಿ ನಿಧಾನವಾದ ಬಡಿತ, ಕಣ್ಣೆದುರಿಗೆ ಎಲ್ಲವೂ ಬಿಸಿಲಿನಲ್ಲಿಟ್ಟಂತೆ ಸ್ಪಷ್ಟ. ಕಿವಿಯ ಕರೆಂಟೋ, ಬೆಳಿಗ್ಗೆ ನುಂಗಿದ ಮಾತ್ರೆಗಳೋ, ಬರಿಯ ನಿತ್ರಾಣವೋ, ಮುಂದೆ ಅವನು ಕೇಳಿದಾಗ ಡಾಕ್ಟರಮ್ಮನೂ ಖಚಿತವಾಗಿ ಹೇಳಲಿಲ್ಲ. ತಮ್ಮನ ಬಾಯಿಂದ ನೂಲಿನಂತೆ ಇಳಿಯುತ್ತಿದ್ದ ರಕ್ತ ಕಂಡಿತು. ಚಡ್ಡಿ ಒದ್ದೆಯಾಗಿದ್ದು ಕಂಡಿತು. ಅವನು ಒಮ್ಮೆಯೂ ಕೂಗಲಿಲ್ಲ ಎನ್ನುವುದು ತಿಳಿಯಿತು. ಕೂಗಿದರೆ ಇನ್ನೆರಡು ಬೀಳುತ್ತವೆ ಎಂದು ಅವನಿಗೆ ಕಲಿಸಿದವನು ತಾನೇ.

ಭಾವಮೈದುನ ತಮ್ಮನ ಗಲ್ಲ ಹಿಡಿದೆತ್ತಿ, ಪೈಪಿನ ತುದಿಯನ್ನು ಬಾಯಿಗೆ ಗುರಿಯಿಟ್ಟು, ತಲೆಯೆತ್ತಿ ಮಹಡಿಯ ಕಡೆ ನೋಡಿ ನಕ್ಕ. ನೋಡ್ತಿದೀರಾ ಭಾವ ಎನ್ನುವ ಹಾಗೆ.

"ಸಾಕು!" ಎಂದು ಗೂಳಿ ಅರಚಿದ. ದನಿ ಹೊರಡಲಿಲ್ಲ, ಮುರಿದ ಪಕ್ಕೆಲುಬು ಅದನ್ನು ಹಿಡಿದಿಟ್ಟುಕೊಂಡಿತು. ಪೈಪು ಬಾಯಿಗೆ ಇಳಿಯಿತು.

ಅವನು ಎದ್ದ. ತಂತಿ ಜಗ್ಗಿ ಪೆಟ್ಟಿಗೆ ಹಿಂದೆ ಬಿದ್ದು ಮೆಟ್ಟಿಲ ಮೇಲೆ ಎಗರಿಕೊಂಡು ಬಂತು. ನಡುದಾರಿಯಲ್ಲಿ ಕ್ಲಿಪ್ಪು ಕಿತ್ತುಹೋಯಿತು. ಒಂದು ಕಾಲದಲ್ಲಿ ನಾಲ್ಕು ನೆಗೆತಕ್ಕೆ ದಾಟುತ್ತಿದ್ದ ಅಂಗಳ ಈಗ ಮುಗಿಯದಷ್ಟು ದೂರವಾಗಿತ್ತು. ಕಂಬ ಹಿಡಿದ, ಕಾರಿನ ಬಾನೆಟ್ ಹಿಡಿದ, ಉಸಿರಿಗೆ ಬಾಯಿ ಬಿಟ್ಟ.

"ಬಿಡೋ. ಬಿಡು ಅವನನ್ನ."

"ನೀವೇ ಹೇಳಿದ್ದಲ್ವಾ ಭಾವ? ಇನ್ನೂ ಹಲ್ಲಿವೆ." ಭಾವಮೈದುನನ ಕಣ್ಣು ಕೆಂಪಾಗಿದ್ದವು. ಆ ಕಣ್ಣು ಗೂಳಿಗೆ ಗೊತ್ತು. ಅದಕ್ಕೆ ಈಗ ಯಾವ ಮಾತೂ ತಲುಪುವುದಿಲ್ಲ ಎನ್ನುವುದೂ ಗೊತ್ತು. ಕೈಯೆತ್ತಿ ಗುದ್ದೋಣವೆಂದರೆ ಕೈಯೇ ಭುಜದಿಂದ ಮೇಲೇಳಲಿಲ್ಲ. ಪೈಪು ಮತ್ತೆ ಮೇಲೆ ಹೋಯಿತು. ಆಗ ಅವನು ತನಗೆ ಉಳಿದಿದ್ದ ಒಂದೇ ಕೆಲಸ ಮಾಡಿದ: ತಮ್ಮನ ಮೇಲೆ ಬಿದ್ದ. ಆ ಅಷ್ಟೂ ಮೈಯನ್ನು ಅವನ ಮೇಲೆ ಹರಡಿ ಬಿದ್ದ.

ಪೈಪು ಅವನ ಹೆಗಲಿಗೆ ಇಳಿಯಿತು. ಹೆಗಲ ಎಲುಬು ಮುರಿಯಿತು. ಇನ್ನೊಂದು ಬೆನ್ನಿಗೆ, ಇನ್ನೊಂದು ಸೊಂಟಕ್ಕೆ. ಹೊಡೆಯುವವರಿಗೆ ಕೆಳಗಿರುವವನು ಯಾರು, ಮೇಲಿರುವವನು ಯಾರು ಎನ್ನುವುದು ಬೇಡವಾಗಿತ್ತು. ಇಷ್ಟು ವರ್ಷ ಇವನ ಕೈ ನೋಡಿ ನೋಡಿ ಸಾಕಾಗಿದ್ದವರಲ್ಲಿ ಒಬ್ಬನಾದರೂ ಅಡ್ಡ ಬರಲಿಲ್ಲ.

ಅಡ್ಡ ಬಂದವಳು ತಮ್ಮನ ಹೆಂಡತಿ. ಏಟಿನ ಸದ್ದು ಕೇಳಿ ಹಿಂದಿನ ಕೊಟ್ಟಿಗೆಯಿಂದ ಓಡಿಬಂದವಳು ಕಟರಿನವನ ಕೈಯಿಂದ ಉರಿಯುತ್ತಿದ್ದ ಗ್ಯಾಸ್ ಕಟರು ಕಿತ್ತುಕೊಂಡಳು. ರಬ್ಬರ್ ಪೈಪು ಹಿಂದೆ ಹಾವಿನಂತೆ ಎಳೆದುಕೊಂಡು ಬಂತು. ತುದಿಯಲ್ಲಿ ನೀಲಿ ಬೆಂಕಿ ಚೂರಿಯ ಹಾಗೆ ನಿಂತು ಬುಸುಗುಟ್ಟುತ್ತಿತ್ತು. ಅವಳು ಬೆದರಿಸಲಿಲ್ಲ, ಎಚ್ಚರಿಸಲಿಲ್ಲ. ನೇರ ಬಂದು ಭಾವಮೈದುನನ ಪೈಪು ಹಿಡಿದ ಮುಂಗೈಗೆ ಬೆಂಕಿ ಎಳೆದಳು. ಅವನು ಊಳಿಟ್ಟ. ಅಂಗಿ ತೋಳು ಹೊತ್ತಿಕೊಂಡಿತು. ಚರ್ಮ ಸುಟ್ಟ ವಾಸನೆ ಎದ್ದಿತು.

"ಯಾರಾದ್ರೂ ಇನ್ನೊಂದು ಹೆಜ್ಜೆ ಇಟ್ರೆ ಬಸ್ಸು ಕುಯ್ದಂಗೆ ಕುಯ್ತೀನಿ," ಅಂದಳು ಆಮೇಲೆ.

ದಾಂಡಿಗರು ಗೇಟು ಹಾರಿ ಓಡಿದರು. ಭಾವಮೈದುನ ಮಣ್ಣಿನಲ್ಲಿ ತೋಳು ಹೊರಳಿಸುತ್ತ ಅಕ್ಕನನ್ನು ಕರೆದು ಅಳುತ್ತಿದ್ದ. ಅಕ್ಕ, ಗೂಳಿಯ ಹೆಂಡತಿ, ಬಾಗಿಲಲ್ಲಿ ನಿಂತಿದ್ದಳು. ತನ್ನ ತಮ್ಮನ ಕಡೆ ಓಡಲೋ, ಗಂಡನ ಕಡೆ ಓಡಲೋ ತಿಳಿಯದೆ ಬಾಗಿಲ ಚೌಕಟ್ಟನ್ನೇ ಹಿಡಿದುಕೊಂಡಿದ್ದಳು.

ಅಣ್ಣತಮ್ಮಂದಿರನ್ನು ಒಂದೇ ಲಾರಿಯಲ್ಲಿ, ಒಂದೇ ಆಸ್ಪತ್ರೆಗೆ ಹಾಕಿಕೊಂಡು ಹೋದರು. ಗೂಳಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದವನು; ಸಂಜೆಯೊಳಗೆ ಅವನ ಬೆನ್ನು ಕುತ್ತಿಗೆಯಿಂದ ಸೊಂಟದವರೆಗೆ ಡಾಂಬರು ಬಳಿದಂತೆ ಕಪ್ಪಾಯಿತು. ಹೃದಯ ಮಾತ್ರ ಏನೂ ಆಗದ ಹಾಗೆ ಬಡಿಯುತ್ತಿತ್ತು. ಅದನ್ನು ನೋಡಿ ಡಾಕ್ಟರಮ್ಮನಿಗೇ ಆಶ್ಚರ್ಯ.

ಪೊಲೀಸರು ಬಂದು ಕೇಳಿದರು, ಯಾರು ಮಾಡಿಸಿದ್ದು ಎಂದು. ಹೆಂಡತಿ ಗಂಡನ ಕಾಲನ್ನು ಹೊದಿಕೆಯ ಮೇಲಿಂದ ಒತ್ತಿದಳು. ಭಾವಮೈದುನ ಆಗಲೇ ತನ್ನದೇ ಜಗಳ ಎಂದು ಬರೆಸಿದ್ದ. ಭಾವ ತನ್ನನ್ನು ಬಿಡಿಸಿಕೊಳ್ಳುತ್ತಾರೆ ಎಂಬ ಆಸೆ ಅವನಿಗೆ. ಗೂಳಿ ಸುಮ್ಮನಿದ್ದರೆ ಸಾಕಿತ್ತು.

"ನಾನೇ ಹೇಳಿದ್ದು," ಅಂದ ಗೂಳಿ. "ಹಲ್ಲು ಉದುರಿಸು ಅಂದಿದ್ದೂ ನಾನೇ. ಮಾಡಿದ್ದು ಅವರು."

ಮಾರನೆಯ ದಿನ ತಮ್ಮನ ಹೆಂಡತಿ ಬಂದಳು. ಕೈಯಲ್ಲಿ ಮಡಚಿದ ಹತ್ತಿಬಟ್ಟೆ. ಅದನ್ನು ಅವನ ಹಾಸಿಗೆಯ ಮೇಲೆ ಬಿಚ್ಚಿಟ್ಟಳು. ಒಳಗೆ ಎರಡು ಹಲ್ಲು, ಒಂದರ ಬೇರಿನಲ್ಲಿ ಇನ್ನೂ ಒಣಗಿದ ರಕ್ತ.

"ಕೇಳಿದ್ರಂತಲ್ಲ ಭಾವ. ತಗೊಳ್ಳಿ."

ಅವನು ಹಲ್ಲು ನೋಡಿದ, ಅವಳ ಅಂಗೈಯ ಗಾಯ ನೋಡಿದ. "ಅವನಿಗೆ ಹೇಗಿದೆ?" ಎಂದಷ್ಟೇ ಬಂತು.

"ಮೊಣಕೈ ಇನ್ಮೇಲೆ ಪೂರ್ತಿ ಮಡಚಲ್ಲ."

"ನಾನು ಮೇಲೆ ಬಿದ್ದೆ. ಅವನಿಗೆ ಗೊತ್ತಾ?"

"ಗೊತ್ತು. ಅದಕ್ಕೇ ಒಂದು ಮಾತು ಹೇಳಿ ಕಳಿಸಿದಾರೆ." ಅವಳು ಗಂಡನ ಮಾತನ್ನು ತನ್ನದು ಸೇರಿಸದೆ ಹೇಳಿದಳು. "ಆಮೇಲೆ ಮೇಲೆ ಬಿದ್ದಿದ್ದು ನೀವು ಅಂತ ನೆನಪಿರುತ್ತೆ. ಮೊದ್ಲು ಕಳಿಸಿದ್ದು ಯಾರು ಅಂತಾನೂ ನೆನಪಿರುತ್ತೆ. ನೀವು ನಮ್ಮ ಮನೆ ಹೊಸಿಲು ತುಳೀಬೇಡಿ."

ಅವಳು ಹೋದ ಮೇಲೆ ಗೂಳಿ ಗೋಡೆಯ ಕಡೆ ತಿರುಗಿ ಮಲಗಿದ. ಹೆಂಡತಿ ಬಂದು ಹಲ್ಲು ನೋಡಿ ಬೆಚ್ಚಿಬಿದ್ದು, ಎಸೆಯಲೇ ಎಂದು ಕೇಳಿದಳು. ಅಷ್ಟು ಹೊತ್ತಿಗೆ ಅವನ ಭುಜ ಅದುರುತ್ತಿತ್ತು, ಮುರಿದ ಎಲುಬು ಮತ್ತಷ್ಟು ನೋಯುತ್ತಿತ್ತು. ಅವನು ಅಳುವುದನ್ನು ಅವಳು ಕಂಡದ್ದು ಅದೇ ಮೊದಲು. ಸಮಾಧಾನ ಮಾಡಲು ಅವಳು ಕೈ ಚಾಚಿದಳು, ಅರ್ಧಕ್ಕೆ ನಿಲ್ಲಿಸಿದಳು. ಅವಳ ತಮ್ಮ ಪಕ್ಕದ ವಾರ್ಡಿನಲ್ಲಿ ಸುಟ್ಟ ತೋಳಿನ ಜೊತೆ ಬೇಡಿ ಹಾಕಿಸಿಕೊಂಡು ಮಲಗಿದ್ದ. ಎದ್ದು ಅವನನ್ನು ನೋಡಲು ಹೋದಳು.

ಕೋರ್ಟಿನಲ್ಲಿ ಗೂಳಿ ಮಾತು ಬದಲಿಸಲಿಲ್ಲ. ಭಾವಮೈದುನನಿಗೂ ಅವನ ಜೊತೆಯವರಿಗೂ ಜೈಲಾಯಿತು. ಗೂಳಿಗೂ ಆಯಿತು, ಹೃದಯದ ಸ್ಥಿತಿ ನೋಡಿ ಅವಧಿ ಕಡಿಮೆ ಮಾಡಿದರು. ಕಿವಿಯ ಪೆಟ್ಟಿಗೆಯನ್ನು ಜೈಲಿನೊಳಗೆ ತರಲು ಬಿಡಲಿಲ್ಲ. ತಂತಿ ಇದೆಯಲ್ಲ, ಯಾರಾದರೂ ನೇಣು ಹಾಕಿಕೊಂಡರೆ ಎಂಬುದು ಅಲ್ಲಿಯವರ ತಕರಾರು. ಕೊನೆಗೆ ಡಾಕ್ಟರಮ್ಮ ಹೇಳಿಸಿ, ದಿನಕ್ಕೊಂದು ಗಂಟೆ ಜೈಲಿನ ಆಸ್ಪತ್ರೆಯಲ್ಲಿ, ಕಾವಲಿನವನ ಕಣ್ಣೆದುರಿಗೆ ಹಾಕಿಕೊಳ್ಳಲು ಒಪ್ಪಿದರು. ಅಲ್ಲಿ ಒಬ್ಬ ಅವನ ಹರಿದ ಎಡಗಿವಿ ನೋಡಿ ಗೇಲಿ ಮಾಡಿದಾಗ ಗೂಳಿಯ ತಲೆಯಲ್ಲಿ ಆ ಭೋರ್ಗರೆತ ಮರಳಿ ಬಂತು. ಗೇಲಿ ಮಾಡಿದವನ ಮೂಗು ಒಡೆದ. ಅದಕ್ಕೆ ಬೇರೆ ಶಿಕ್ಷೆಯಾಯಿತು. ಕ್ಲಿಪ್ಪು ಹಾಕಿದ್ದಕ್ಕೆ ಮನುಷ್ಯ ಬದಲಾದ ಎಂದು ಹೇಳುವಂತಿರಲಿಲ್ಲ. ಆದರೆ ಹೊಡೆದ ಮೇಲೆ ಮೈ ಹಗುರಾಗಲಿಲ್ಲ. ಆ ರಕ್ತ ಕಂಡು ವಾಂತಿ ಮಾಡಿಕೊಂಡ.

ಬಿಡುಗಡೆಯಾಗಿ ಬಂದಾಗ ಅಂಗಳ ಎರಡು ಭಾಗವಾಗಿತ್ತು. ರಸ್ತೆಯ ಕಡೆಯದು ತಮ್ಮನದು. ನಡುವೆ ಜಜ್ಜಿದ ಕಾರುಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆ ಕಟ್ಟಿದ್ದರು. ಹಳೆಯ ಕೆಲಸದವರೆಲ್ಲ ಆ ಕಡೆ ಹೋಗಿದ್ದರು. ಈ ಕಡೆ ಹೊಸಬರು, ಗೂಳಿ ಎಂದರೆ ಯಾರೆಂದು ಗೊತ್ತಿಲ್ಲದವರು. ಅವರು ಅವನ ಮುಖ ನೋಡಿಯೇ ಮಾತಾಡುತ್ತಿದ್ದರು. ಹೆಂಡತಿ ಅಡುಗೆ ಮಾಡಿ ಬಡಿಸುತ್ತಿದ್ದಳು. ತನ್ನ ತಮ್ಮ ಜೈಲಿನಿಂದ ಹೊರಗೆ ಬರುವವರೆಗೆ ಅವಳದು ಅಗತ್ಯಕ್ಕೆ ತಕ್ಕಷ್ಟೇ ಮಾತು, ಅದಕ್ಕಿಂತ ಹೆಚ್ಚಿಲ್ಲ. ಕ್ಲಿಪ್ಪನ್ನು ಅವನೇ ಹಾಕಿಕೊಳ್ಳುವುದು ಕಲಿತ.

ಒಂದು ಮಧ್ಯಾಹ್ನ ಅವನು ಕೆಳಗೆ ನೆರಳಿನಲ್ಲಿ ಕೂತಿದ್ದಾಗ ಗೋಡೆಯಾಚೆ ಸುತ್ತಿಗೆಯ ಸದ್ದು ನಿಂತಿತು. ಏನೋ ಧಡಾರನೆ ಬಿದ್ದ ಸದ್ದು. ಆಮೇಲೆ ಯಾರೋ ಕೂಗಿದ ಹಾಗಾಯಿತು. ಗೂಳಿ ಕುರ್ಚಿಯಿಂದ ಅರ್ಧ ಎದ್ದ.

"ಏನದು? ಯಾರಿಗೇನಾಯ್ತು ನೋಡು, ಹೋಗು."

ಹೊಸ ಕೆಲಸದವನು ಟೈರುಗಳ ಮೇಲೆ ಹತ್ತಿ ಆಚೆ ಇಣುಕಿದ.

"ಏನಿಲ್ಲ ಯಜಮಾನ್ರೇ. ಬಾಗಿಲು ಕಳಚಿಬಿತ್ತು. ಆ ಯಜಮಾನ್ರು ನಗ್ತಿದಾರೆ."

"ಯಾರು?"

"ಕೈ ಮಡಚಕ್ಕಾಗಲ್ವಲ್ಲ, ಅವರು."

ಗೂಳಿ ಕೂತ. ಆ ನಗು ಮತ್ತೆ ಬಂತು, ಒರಟಾಗಿ, ಎತ್ತರದ ದನಿಯಲ್ಲಿ, ನಡುನಡುವೆ ಉಸಿರು ಸಿಕ್ಕಿಕೊಳ್ಳುತ್ತ. ಅದಕ್ಕೆ ಹೆಂಗಸಿನ ನಗುವೊಂದು ಸೇರಿಕೊಂಡಿತು. ಅದು ತಮ್ಮನ ನಗು ಎಂದು ಅವನಿಗೆ ತಾನಾಗಿ ತಿಳಿಯುತ್ತಿರಲಿಲ್ಲ. ಆ ನಗುವನ್ನು ಅವನು ಈ ಮೊದಲು ಕೇಳಿಯೇ ಇರಲಿಲ್ಲ. ಅಷ್ಟರಲ್ಲಿ ಈ ಕಡೆಯ ಗ್ಯಾಸ್ ಕಟರು ಬುಸುಗುಟ್ಟತೊಡಗಿ ಆ ನಗುವನ್ನು ಮುಚ್ಚಿಹಾಕಿತು.

"ಕಟರು ಸ್ವಲ್ಪ ಹೊತ್ತು ನಿಲ್ಲಿಸೋಕೆ ಹೇಳು," ಅಂದ.

"ಯಾಕೆ ಯಜಮಾನ್ರೇ, ತಲೆನೋವಾ?"

"ಹೂಂ," ಅಂದ ಗೂಳಿ. "ನಿಲ್ಲಿಸೋಕೆ ಹೇಳು."